ಗ್ಯಾರೇಜಿನ ಹಲಗೆಯೂ ಸಾಕ್ಷಿ ಹೇಳಲಿ

ಕಡಗಂಚಿಯಲ್ಲಿ ನನ್ನದೊಂದು ಸಣ್ಣ ಬೈಕ್ ಗ್ಯಾರೇಜ್. ಹಳೆಯ ಫ್ರಿಜ್ಜಿನ ಬಾಗಿಲ ರಬ್ಬರು ಸಿಕ್ಕರೆ ನಾನು ಬಿಡುವುದಿಲ್ಲ. ಸೀಳಿದರೆ ಒಳಗೆ ಕಪ್ಪಗಿನ, ಬಳುಕುವ ಅಯಸ್ಕಾಂತದ ಪಟ್ಟಿ ಇರುತ್ತದೆ. ಫೆರೈಟ್ ಪುಡಿ ಕಲಸಿ ಮಾಡಿದ್ದು. ಹಲಗೆಗೆ ಅಂಟಿಸಿದರೆ ನಟ್ಟು, ವಾಷರು, ಸಣ್ಣ ಪೇಚ್‌ಕಸ್ ಕಚ್ಚಿಕೊಂಡು ನಿಲ್ಲುತ್ತವೆ. ದೊಡ್ಡ ಪಾನಾ ನಿಲ್ಲುವುದಿಲ್ಲ. ಗ್ರೀಸ್ ಮೆತ್ತಿದ್ದರೆ ಸಣ್ಣ ಹತ್ಯಾರವೂ ಜಾರುತ್ತದೆ, ಏಕೆಂದರೆ ನಡುವೆ ಪದರ ಬಂದರೆ ಈ ಪಟ್ಟಿಯ ಹಿಡಿತ ಕುಗ್ಗುತ್ತದೆ.

ಇಂಥ ಪಟ್ಟಿಗೆ ಹತ್ಯಾರ ಅಂಟಿಸುವುದನ್ನೇ ಹೊಸ ಶೋಧವೆಂದು ಯಾರಾದರೂ ಪೇಟೆಂಟ್ ಕೇಳಿದರೆ ಕೊಡಬಾರದು. ಗೊತ್ತಿರುವ ಸಾಧನಗಳನ್ನು ಸುಮ್ಮನೆ ಅಕ್ಕಪಕ್ಕ ಜೋಡಿಸಿದ್ದು, ಅವು ತಂತಮ್ಮ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ, ಶೋಧವಲ್ಲ ಎಂದು 1970ರ ಪೇಟೆಂಟ್ ಕಾಯ್ದೆಯ 3ನೇ ಕಲಂ ಹೇಳುತ್ತದೆ. 1978ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಪ್ರಕರಣವೂ ಹಿಡಿತದ್ದೇ. ಲೋಹದ ಪಾತ್ರೆಗೆ ಹೊಳಪು ಕೊಡುವಾಗ ಅದನ್ನು ಲೇತ್‌ನಲ್ಲಿ ಬಿಗಿಹಿಡಿಯುವ ಸಾಧನಕ್ಕೆ ಪೇಟೆಂಟ್ ಇತ್ತು. ಕೆಲಸಕ್ಕೆ ಅದು ಅನುಕೂಲವೇ. ಪಾತ್ರೆ ಹಾರಿ ಪೆಟ್ಟಾಗುವ ಭಯ ಕಡಿಮೆ. ಆದರೂ ಅದು ಕಾರ್ಖಾನೆಯ ಸಣ್ಣ ಸುಧಾರಣೆಯೇ ಹೊರತು ಶೋಧವಲ್ಲ ಎಂದು ನ್ಯಾಯಾಲಯ ಪೇಟೆಂಟನ್ನು ಒಪ್ಪಲಿಲ್ಲ. ಕೈಕೆಲಸದವರೆಲ್ಲ ತಿಳಿದಿರಬೇಕಾದ ತೀರ್ಪು ಇದು.

ತಕರಾರಿನ ದಾರಿಯೂ ಇದೆ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮುನ್ನ, 25ನೇ ಕಲಮಿನಡಿ ಯಾರು ಬೇಕಾದರೂ ಆಕ್ಷೇಪಿಸಬಹುದು. ಅದು ಮೊದಲೇ ನಮ್ಮ ದೇಶದಲ್ಲಿ ಬಹಿರಂಗವಾಗಿ ಬಳಕೆಯಲ್ಲಿತ್ತು ಎಂಬುದೂ ಒಪ್ಪಿತ ಕಾರಣ. ಆದರೆ ಪುರಾವೆ ಬೇಕಲ್ಲ! ನನ್ನ ಹಲಗೆಯ ಮೇಲೆ ತಾರೀಖು ಬರೆದಿಲ್ಲ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕ ಪೇಟೆಂಟ್ ಕೊಟ್ಟಾಗ, ಮನೆಮನೆಯ ರೂಢಿ ಇದು ಎಂದಷ್ಟೇ ಹೇಳಿದ್ದರೆ ಸಾಕಾಗುತ್ತಿರಲಿಲ್ಲ. ಭಾರತದ ವಿಜ್ಞಾನ ಮಂಡಳಿ ಸಿಎಸ್‌ಐಆರ್ ಹಳೆಯ ಬರಹಗಳನ್ನು, 1953ರ ವೈದ್ಯಕೀಯ ಪತ್ರಿಕೆಯ ಲೇಖನವನ್ನೂ ಸೇರಿಸಿ, ಮುಂದಿಟ್ಟಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು.

ನಮ್ಮ ಕೈಕೆಲಸಕ್ಕೂ ಇಂಥ ಬರಹದ ಪುರಾವೆ ಬೇಕು. ನಮ್ಮೂರಲ್ಲೇ 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳು ಆಳಂದ, ಅಫಜಲಪುರ, ಜೇವರ್ಗಿಯ ಗ್ಯಾರೇಜು, ಬಡಗಿಮನೆ, ಕಮ್ಮಾರಸಾಲೆಗಳಿಗೆ ಬರಲಿ. ಯಾವ ಹತ್ಯಾರವನ್ನು ಹೇಗೆ ಹಿಡಿದಿಟ್ಟಿದ್ದಾರೆ, ಏನು ಬಳಸಿದ್ದಾರೆ, ಎಲ್ಲಿ ಜಾರುತ್ತದೆ ಎಂಬುದನ್ನು ಫೋಟೊ, ಅಳತೆ, ತಾರೀಖಿನ ಸಮೇತ ಬರೆದು ಎಲ್ಲರಿಗೂ ಸಿಗುವಂತೆ ಪ್ರಕಟಿಸಲಿ. ಪೇಟೆಂಟ್ ಪರೀಕ್ಷಕ ತನ್ನ ಮೇಜಿನ ಮುಂದೆ ಬಂದದ್ದನ್ನಷ್ಟೇ ನೋಡಬಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಗ್ರೀಸ್ ಮೆತ್ತಿದ ಪಾನಾ ಕೂಡ ಜಾರದಂತೆ ಹಿಡಿಯುವ, ಯಾರಿಗೂ ಹೊಳೆಯದ ಉಪಾಯವನ್ನು ಯಾವ ಹುಡುಗನಾದರೂ ಕಂಡುಕೊಂಡಿದ್ದರೆ ಅದರ ಫೋಟೊ ತೆಗೆಯುವ ಅವಸರ ಬೇಡ. ಅರ್ಜಿಗೆ ಮೊದಲೇ ಅದು ಪ್ರಕಟವಾದರೆ ಅವನ ಹಕ್ಕಿಗೇ ಕುತ್ತು. ಅವನಿಂದ ಮೊದಲು ಪೇಟೆಂಟ್ ಅರ್ಜಿ ಹಾಕಿಸಬೇಕು.