ಗುಲಾಬಿಯನ್ನು ಸವರುವುದೆಂದು?

ಚಳಿಗಾಲದ ಕೊನೆಯಲ್ಲಿ ಗುಲಾಬಿಯನ್ನು ಸವರಬೇಕೆಂದು ಇಂಗ್ಲೆಂಡಿನ ತೋಟಗಾರಿಕೆಯ ಪುಸ್ತಕಗಳು ವಿಧಿಸುತ್ತವೆ. ಅಲ್ಲಿಗೆ ಅದು ಯುಕ್ತವೇ ಸರಿ. ಹಿಮ ಬೀಳುವ ನಾಡಿನಲ್ಲಿ ಗಿಡವು ಚಳಿಗಾಲವೆಲ್ಲ ನಿದ್ರಿಸುತ್ತದೆ. ಅವಸರದಿಂದ ಕತ್ತರಿಸಿದರೆ ಎಳೆಯ ಚಿಗುರು ಹಿಮಕ್ಕೆ ಸಿಕ್ಕಿ ಕಮರುತ್ತದೆ. ಆದರೆ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಹಿಮವೆಲ್ಲಿಯದು? ಇಲ್ಲಿಯ ಗಿಡಕ್ಕೆ ಅಂತಹ ನಿದ್ರೆಯೂ ಇಲ್ಲ.

ಸವರುವಿಕೆಯ ಗುಟ್ಟು ರೆಂಬೆಯ ತುದಿಕುಡಿಯಲ್ಲಿದೆ. ಅಲ್ಲಿಂದ ಕೆಳಗಿಳಿಯುವ ಆಕ್ಸಿನ್ ಎಂಬ ದ್ರವ್ಯವು ಪಕ್ಕದ ಕಣ್ಣುಗಳು ಚಿಗುರದಂತೆ ತಡೆಯುತ್ತದೆಂದು 1930ರ ದಶಕದಲ್ಲಿ ತಿಳಿದುಬಂದಿತು. ತುದಿಯೇ ಸಕ್ಕರೆಯ ಬಹುಪಾಲನ್ನು ಸೆಳೆದುಕೊಳ್ಳುವುದೂ ಒಂದು ಕಾರಣವೆಂದು 2014ರಲ್ಲಿ ಬಟಾಣಿ ಗಿಡಗಳ ಮೇಲಣ ಪ್ರಯೋಗಗಳು ತೋರಿಸಿದವು. ತುದಿಯನ್ನು ತೆಗೆದೊಡನೆ ಕೆಳಗಿನ ಕಣ್ಣುಗಳು ಎಚ್ಚರಗೊಳ್ಳುತ್ತವೆ. ಸುಮಾರು 6ರಿಂದ 8 ವಾರಗಳಲ್ಲಿ ಹೊಸ ರೆಂಬೆಗಳು ಹೂ ತಳೆಯುತ್ತವೆ.

ಆದುದರಿಂದ ಮಳೆ ಹಿಂದೆಗೆದ ಮೇಲೆ, ಅಕ್ಟೋಬರದ ಕೊನೆಗೆ ಸವರಿದರೆ ಡಿಸೆಂಬರದ ತಂಪಿನಲ್ಲಿ ಹೂಗಳು ತುಂಬಿ ಅರಳುತ್ತವೆ. ಫೆಬ್ರುವರಿಯಲ್ಲಿ ಸವರಿದರೆ ಅವು ಏಪ್ರಿಲಿನ ಉರಿಬಿಸಿಲಿಗೆ ಸಿಕ್ಕಿ, ಚಿಕ್ಕವಾಗಿ ಬೇಗನೆ ಬಾಡುತ್ತವೆ.

ವಿದ್ಯಾರ್ಥಿಗಳು ಶಾಲೆಯಂಗಳದಲ್ಲಿ ಒಂದೇ ತಳಿಯ ಕೆಲವು ಗಿಡಗಳನ್ನು ಈ ಎರಡು ತಿಂಗಳುಗಳಲ್ಲಿ ಬೇರೆಬೇರೆಯಾಗಿ ಸವರಿ, ಹೂವಿನ ಅಗಲವನ್ನು ಅಳೆದು ನೋಡಲಿ. ಪುಸ್ತಕ ಹೇಳುವ ತಿಂಗಳನ್ನು ಒಪ್ಪುವ ಮುನ್ನ ಇಂತಹ ಪರೀಕ್ಷೆ ನಡೆಯಲೇಬೇಕೆಂಬುದು ನನ್ನ ಅಭಿಪ್ರಾಯ.