ಹದಿಹರೆಯದ ಖಿನ್ನತೆ: ಶಾಲೆಯ ಹೊಣೆ ಏನು, ಮನೆಯವರ ಕೆಲಸ ಏನು?

ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಮಾರ್ಗಸೂಚಿಗಳನ್ನು ಹೊರಡಿಸಿತು. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಬಂದ ತೀರ್ಪು ಇದು. ಪ್ರತ್ಯೇಕ ಕಾನೂನು ಬರುವವರೆಗೆ ದೇಶದ ಎಲ್ಲ ಶಾಲೆ, ಕಾಲೇಜು, ಕೋಚಿಂಗ್ ಕೇಂದ್ರಗಳೂ ಇದನ್ನು ಪಾಲಿಸಬೇಕು.

ದೆಹಲಿಯ ಜನಕಪುರಿಯಂಥ ಬಡಾವಣೆಯಲ್ಲಿ ಬೆಳಿಗ್ಗೆ ಶಾಲೆ, ಸಂಜೆ ಕೋಚಿಂಗ್ ಎಂದು ಓಡುವ ಮಕ್ಕಳಿರುವ ಮನೆಗಳಿಗೆ ಇದು ನೇರವಾಗಿ ಸಂಬಂಧಿಸಿದ ವಿಷಯ. ಆದರೆ ತೀರ್ಪಿನಿಂದ ಸಿಗುವುದು ಅರ್ಧ ನೆರವು ಮಾತ್ರ. ಮಗುವಿನಲ್ಲಾದ ಬದಲಾವಣೆಯನ್ನು ಸಾಮಾನ್ಯವಾಗಿ ಮೊದಲು ಕಾಣುವವರು ಮನೆಯವರು. ಅಲ್ಲಿಂದ ವೈದ್ಯರವರೆಗೆ ಕರೆದೊಯ್ಯಬೇಕಾದವರೂ ಅವರೇ.

ಶಾಲೆಯನ್ನು ನೀವು ಏನು ಕೇಳಬಹುದು?

100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ವ್ಯವಸ್ಥೆ ಮಾಡಿಕೊಂಡಿರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಬೇಕು. ಅಂಕಗಳ ಮೇಲೆ ಬ್ಯಾಚ್ ಬೇರ್ಪಡಿಸುವುದು, ಎಲ್ಲರೆದುರು ಅವಮಾನ ಮಾಡುವುದು ಸಲ್ಲದು. ಸಹಾಯವಾಣಿ ಸಂಖ್ಯೆ ಎದ್ದು ಕಾಣುವಂತೆ ಹಾಕಿರಬೇಕು.

ಮುಂದಿನ ಪೋಷಕರ ಸಭೆಯಲ್ಲಿ ಈ ಮೂರು ಪ್ರಶ್ನೆ ಕೇಳಿ: ಆಪ್ತಸಮಾಲೋಚಕರು ಯಾರು? ಯಾವ ದಿನ ಸಿಗುತ್ತಾರೆ? ಮಗು ಹೇಳಿದ ಮಾತು ಗುಟ್ಟಾಗಿ ಉಳಿಯುತ್ತದೆಯೇ? ಕೋಚಿಂಗ್ ಕೇಂದ್ರದಲ್ಲೂ ಇದನ್ನೇ ಕೇಳಿ.

ವಯಸ್ಸಿನ ಸಿಟ್ಟೋ, ಖಿನ್ನತೆಯೋ?

ಖಿನ್ನತೆ ಎಂದರೆ ಅಳುತ್ತಾ ಕೂರುವುದು ಎಂದು ನಾವು ತಿಳಿದಿರುತ್ತೇವೆ. ಹದಿಹರೆಯದವರಲ್ಲಿ ಅದು ಎಷ್ಟೋ ಸಲ ಸಿಡುಕಿನ ರೂಪದಲ್ಲಿ ಬರುತ್ತದೆ. ಪರೀಕ್ಷೆ ಕೆಟ್ಟಾಗ ನಾಲ್ಕು ದಿನ ಮುಖ ಬಾಡುವುದು ಸಹಜ. ಬೇಸರ ಅಥವಾ ಸಿಡುಕು, ಅದರ ಜೊತೆಗೆ ಕೆಳಗಿನ ಬದಲಾವಣೆಗಳಲ್ಲಿ ಹಲವು ಎರಡು ವಾರಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ಪ್ರತಿದಿನವೂ ಕಂಡರೆ ವೈದ್ಯರನ್ನು ಕಾಣಿ:

• ಇಷ್ಟದ ಆಟ, ಹಾಡು, ಗೆಳೆಯರು ಯಾವುದೂ ಬೇಡವಾಗುವುದು
• ನಿದ್ದೆ ಬಾರದಿರುವುದು ಅಥವಾ ಇಡೀ ದಿನ ಮಲಗಿರುವುದು
• ಊಟ ತೀರಾ ಕಡಿಮೆಯಾಗುವುದು ಅಥವಾ ಹೆಚ್ಚಾಗುವುದು
• ಸದಾ ಸುಸ್ತು. ಕಾರಣ ಸಿಗದ ತಲೆನೋವು, ಹೊಟ್ಟೆನೋವು
• ಓದಿನಲ್ಲಿ ಗಮನ ನಿಲ್ಲದಿರುವುದು, ಅಂಕ ಒಮ್ಮೆಲೇ ಕುಸಿಯುವುದು
• ‘ನಾನು ಯಾವುದಕ್ಕೂ ಪ್ರಯೋಜನವಿಲ್ಲ’ ಎಂಬ ಮಾತು

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ 7.3ರಷ್ಟು ಮಂದಿಯಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂದಿತ್ತು. ನಿಮ್ಮ ಮನೆಯಲ್ಲಿ ಮಾತ್ರ ಹೀಗಾಗಿದೆ ಎಂದು ಮುಚ್ಚಿಡಬೇಕಾಗಿಲ್ಲ.

ಹೇಗೆ ಮಾತಾಡಬೇಕು?

ದೆಹಲಿಯಲ್ಲಿ ಬೆಳೆದ ಕನ್ನಡ ಮಕ್ಕಳು ಮನೆಯಲ್ಲಿ ಊಟ-ತಿಂಡಿಯ ಮಾತನ್ನು ಕನ್ನಡದಲ್ಲಿ ಆಡುತ್ತಾರೆ. ಮನಸ್ಸಿನ ಮಾತು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರಬಹುದು. ‘ಮನ್ ನಹೀಂ ಲಗ್ ರಹಾ’ ಎಂದು ಮಗ ದಿನವೂ ಹೇಳುತ್ತಿದ್ದರೆ ಅದನ್ನು ಸೋಮಾರಿತನ ಎಂದುಕೊಳ್ಳಬೇಡಿ. ಅವನಿಗೆ ಬರುವ ಭಾಷೆಯಲ್ಲೇ ಹೇಳಲು ಬಿಡಿ.

ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಬೇಡಿ. ‘ನಾವು ನಿನಗಾಗಿ ಊರು ಬಿಟ್ಟು ಬಂದೆವು’ ಎಂದೂ ಹೇಳಬೇಡಿ. ಆಗಲೇ ತಾನೊಂದು ಹೊರೆ ಎಂದುಕೊಂಡಿರುವ ಮಗುವಿಗೆ ಅದು ಇನ್ನಷ್ಟು ಭಾರ. ಕಂಡದ್ದನ್ನು ಹೇಳಿ, ಕೇಳಿ, ಸುಮ್ಮನಿರಿ: ‘ಎರಡು ವಾರದಿಂದ ನೀನು ಸರಿಯಾಗಿ ಊಟ ಮಾಡ್ತಿಲ್ಲ. ಏನಾಗ್ತಿದೆ ಹೇಳ್ತೀಯಾ? ನಾನು ಬೈಯಲ್ಲ.’

ಸಾಯುವ ಯೋಚನೆ ಇದೆಯೇ ಎಂದು ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ನೇರವಾಗಿ, ಶಾಂತವಾಗಿ ಕೇಳಿದರೆ ಮಗುವಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ.

ಎಲ್ಲಿಗೆ ಹೋಗಬೇಕು?

ಮೊದಲ ಹೆಜ್ಜೆಗೆ ಫೋನ್ ಸಾಕು. 14416 ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಆರಂಭವಾದ ಇದು ಉಚಿತ, ದಿನದ 24 ಗಂಟೆಯೂ ಸಿಗುತ್ತದೆ. ಇದರ ಭಾಷೆಗಳಲ್ಲಿ ಕನ್ನಡವೂ ಇದೆ. ಅಮ್ಮ ಕನ್ನಡದಲ್ಲಿ, ಮಗಳು ಹಿಂದಿಯಲ್ಲಿ ಬೇರೆ ಬೇರೆಯಾಗಿ ಕರೆ ಮಾಡಿದರೂ ತಪ್ಪಿಲ್ಲ.

ಜನಕಪುರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಹರಿನಗರದ ದೀನದಯಾಳ್ ಉಪಾಧ್ಯಾಯ ಆಸ್ಪತ್ರೆ. ಮನೋವೈದ್ಯರ ಒಪಿಡಿ ಯಾವ ದಿನ ಎಂದು ವಿಚಾರಿಸಿಕೊಂಡು ಹೋಗಿ. ಮಾನಸಿಕ ಆರೋಗ್ಯಕ್ಕೆಂದೇ ಇರುವ ಇಹ್‌ಬಾಸ್ ನಗರದ ಇನ್ನೊಂದು ತುದಿಯ ದಿಲ್ಶಾದ್ ಗಾರ್ಡನ್‌ನಲ್ಲಿದೆ. ಅಷ್ಟು ದೂರ ಕಷ್ಟವಾದರೆ ನಿಮ್ಮ ಮಕ್ಕಳ ವೈದ್ಯರಿಂದಲೇ ಶುರು ಮಾಡಿ.

ಚಿಕಿತ್ಸೆ ಹೇಗಿರುತ್ತದೆ?

ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಸುಸ್ತು, ಬೇಸರ ಬರಬಹುದು. ಆದ್ದರಿಂದ ವೈದ್ಯರು ರಕ್ತಪರೀಕ್ಷೆ ಹೇಳಬಹುದು. ಸೌಮ್ಯ ಖಿನ್ನತೆಗೆ ಹಲವು ವಾರಗಳ ಮಾತಿನ ಚಿಕಿತ್ಸೆ ಸಾಕಾಗಬಹುದು. ತೊಂದರೆ ಹೆಚ್ಚಿದ್ದರೆ ಮಾತ್ರೆಯೂ ಬೇಕಾಗಬಹುದು. ಮಾತ್ರೆಯ ಪರಿಣಾಮ ಕಾಣಲು ಕೆಲವು ವಾರ ಬೇಕು. ಆರಂಭದ ವಾರಗಳಲ್ಲಿ ಚಡಪಡಿಕೆ ಅಥವಾ ಸಾಯುವ ಮಾತು ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ. ಚೆನ್ನಾಗಿದ್ದಾನೆ ಎಂದು ನೀವೇ ಮಾತ್ರೆ ನಿಲ್ಲಿಸಬೇಡಿ.

‘ಶಾಲೆಗೆ, ನೆಂಟರಿಗೆ ತಿಳಿದರೆ?’ ಎಂಬ ಅಳುಕಿನಲ್ಲಿ ತಿಂಗಳುಗಳು ಕಳೆದುಹೋಗುತ್ತವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಚಿಕಿತ್ಸೆಯ ವಿವರ ಗೋಪ್ಯವಾಗಿರುವುದು ರೋಗಿಯ ಹಕ್ಕು.

ಕಾಯಬಾರದ ಸಂದರ್ಭ

ಸಾಯುವ ಮಾತು, ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು, ವಿದಾಯದ ಸಂದೇಶ, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು ಕಂಡರೆ ಎರಡು ವಾರದ ಲೆಕ್ಕ ಹಾಕಬೇಡಿ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನೆಯ ಮಾತ್ರೆ, ಕೀಟನಾಶಕಗಳನ್ನು ಬೀಗ ಹಾಕಿಡಿ. 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ನೀವೇ ಆ ಹುಡುಗ ಅಥವಾ ಹುಡುಗಿಯಾಗಿದ್ದು ಇದನ್ನು ಓದುತ್ತಿದ್ದರೆ: ಇದು ನಿಮ್ಮ ತಪ್ಪಲ್ಲ, ಇದಕ್ಕೆ ಚಿಕಿತ್ಸೆ ಇದೆ. ಮನೆಯವರಿಗೆ ಹೇಳಲು ಆಗದಿದ್ದರೆ ಶಾಲೆಯಲ್ಲಿ ನೀವು ನಂಬುವ ಒಬ್ಬರಿಗೆ ಹೇಳಿ, ಅಥವಾ ಈಗಲೇ 14416ಕ್ಕೆ ಕರೆ ಮಾಡಿ.