ಗಾದಿ ಬದಲಾದರೂ ಅಳತೆ ಒಂದೇ ಇರಲಿ

ನಮ್ಮ ವಿಜಯಪುರದ ಗಾಂಧಿ ಚೌಕದಲ್ಲಿ ಸಂಜೆ ಚಹಾಕ್ಕೆ ನಿಂತರೆ ಬೆಂಗಳೂರಿನ ಕಂಪನಿಗಳ ಸುದ್ದಿ ಕಿವಿಗೆ ಬೀಳುತ್ತದೆ. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರ ಮಕ್ಕಳೂ ಈಗ ಅಲ್ಲಿ ದುಡಿಯುತ್ತಾರೆ. ಹಬ್ಬಕ್ಕೆ ಬಂದವರು ಆಡುವ ಮಾತು ಹೆಚ್ಚುಕಡಿಮೆ ಒಂದೇ: "ಕೆಲಸ ಅದೇ ಐತ್ರಿ, ಮ್ಯಾಲಿನವರು ಬದಲಾದ ಮ್ಯಾಲೆ ಕಂಪನಿ ಮೊದಲಿನಂಗ ಉಳಿದಿಲ್ಲ."

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಇನ್ಫೋಸಿಸ್. 1981ರಲ್ಲಿ ಏಳು ಜನ ಕಟ್ಟಿದ ಕಂಪನಿ. ಮೂರು ದಶಕಕ್ಕೂ ಹೆಚ್ಚು ಕಾಲ ಸ್ಥಾಪಕರೇ ಅದನ್ನು ನಡೆಸಿದರು. 2014ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಹೊರಗಿನವರಾದ ವಿಶಾಲ್ ಸಿಕ್ಕಾ ಮುಖ್ಯಸ್ಥರಾದರು. ಮರುವರ್ಷ ಉದ್ಯೋಗಿಗಳ ಉಡುಪಿನ ಕಟ್ಟಳೆ ಸಡಿಲವಾಯಿತು. ಅಲ್ಲಿಂದಲೇ ಸಂಸ್ಕೃತಿ ಕೆಟ್ಟಿತು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಟೈ ಕಟ್ಟುವುದಕ್ಕೂ ಕಾಯಕನಿಷ್ಠೆಗೂ ಏನು ಸಂಬಂಧ?

ನಿಜವಾದ ಬಿರುಕು ಕಂಡದ್ದು ಸಂಬಳದ ಲೆಕ್ಕದಲ್ಲಿ. 2015ರಲ್ಲಿ ಕಂಪನಿ ಬಿಟ್ಟ ಹಣಕಾಸು ಮುಖ್ಯಸ್ಥರಿಗೆ 17 ಕೋಟಿ ರೂಪಾಯಿಗೂ ಹೆಚ್ಚಿನ ಪರಿಹಾರ ಒಪ್ಪಿಕೊಳ್ಳಲಾಗಿತ್ತು. 2017ರ ಏಪ್ರಿಲ್‌ನಲ್ಲಿ ಮತ್ತೊಬ್ಬ ಹಿರಿಯ ಅಧಿಕಾರಿಯ ವೇತನ ಏರಿಸಿದಾಗ ಎನ್.ಆರ್. ನಾರಾಯಣಮೂರ್ತಿ ಬಹಿರಂಗವಾಗಿಯೇ ಆಕ್ಷೇಪಿಸಿದರು. ಬಹುಪಾಲು ನೌಕರರಿಗೆ ಶೇ. 6ರಿಂದ 8ರಷ್ಟು ಹೆಚ್ಚಳ, ಮೇಲಿನವರಿಗೆ ಶೇ. 60-70, ಇದರಿಂದ ಆಡಳಿತದ ಮೇಲಿನ ನಂಬಿಕೆ ಕರಗುತ್ತದೆ ಎಂಬುದು ಅವರ ತಕರಾರು. ನಮಗಿದು ಹೊಸ ಮಾತಲ್ಲ. ಮಾರಯ್ಯ ಅಳತೆ ಮೀರಿ ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಹೆಚ್ಚಿನದನ್ನು ಸುರಿದು ಬಾ ಎಂದು ತಿರುಗಿ ಕಳಿಸಿದಳು. ಮನೆಯ ಯಜಮಾನನೆಂದು ಬಿಡಲಿಲ್ಲ.

ಹಾಗೆಂದು ಹಳಬರದೆಲ್ಲ ಸರಿ ಎನ್ನಲಾರೆ. ಸ್ಥಾಪಕರ ಮಕ್ಕಳಿಗೆ ಕಂಪನಿಯಲ್ಲಿ ಜಾಗವಿಲ್ಲ ಎಂದು ಹೇಳುತ್ತ ಬಂದವರೇ 2013ರಲ್ಲಿ ಮರಳಿ ಬರುವಾಗ ಮಗನನ್ನು ಸಹಾಯಕನಾಗಿ ಕರೆತಂದರು. ಸಂಬಳ ವರ್ಷಕ್ಕೆ ಒಂದೇ ರೂಪಾಯಿ, ನಿಜ. ಆದರೆ ತಾವೇ ಹಾಕಿದ ಗೆರೆ ತಾವೇ ದಾಟಿದಂತಾಯಿತು. 2017ರ ಆಗಸ್ಟ್ 18ರಂದು ಸಿಕ್ಕಾ ರಾಜೀನಾಮೆ ಕೊಟ್ಟಾಗ ಆಡಳಿತ ಮಂಡಳಿ ಬೆರಳು ತೋರಿಸಿದ್ದು ಮೂರ್ತಿಯವರ ಕಡೆಗೇ. ವಾರದೊಳಗೆ ನಂದನ್ ನಿಲೇಕಣಿ ಅಧ್ಯಕ್ಷರಾಗಿ ಮರಳಬೇಕಾಯಿತು. ನಡುವೆ ಸಿಕ್ಕಿಕೊಂಡವರು ಎರಡು ಲಕ್ಷ ನೌಕರರು.

ಇದನ್ನು ಮಠದ ಪತ್ರಿಕೆಯಲ್ಲಿ ಬರೆಯಲು ಕಾರಣವಿದೆ. 1910ರಲ್ಲಿ ಇದೇ ಊರಿನಲ್ಲಿ ಲಿಂಗಾಯತ ಶಿಕ್ಷಣ ಸಂಸ್ಥೆ ಕಟ್ಟಿದ ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕಿಸಲು ಮನೆ ಮಾರಿದವರು. ಅಂಥವರ ಹಿಂದೆ ನಾಡಿನುದ್ದಕ್ಕೂ ಮಠಗಳು ಶಾಲೆ, ಕಾಲೇಜು, ಆಸ್ಪತ್ರೆ, ಸಹಕಾರಿ ಸಂಘಗಳನ್ನು ಕಟ್ಟಿದವು. ಇಂದು ಅವು ಸಾವಿರಾರು ಜನರ ಅನ್ನದ ದಾರಿ. ಪೀಠಕ್ಕೆ ಹೊಸಬರು ಬಂದಾಗ, ಮಂಡಳಿ ಬದಲಾದಾಗ ಅಲ್ಲಿಯ ಗುಮಾಸ್ತರು, ಸಿಪಾಯಿಗಳು ಮೊದಲು ನೋಡುವುದು ಪಟ್ಟಾಭಿಷೇಕದ ಮೆರವಣಿಗೆಯನ್ನಲ್ಲ. ತಮ್ಮ ಸಂಬಳ ತಡವಾಗುತ್ತಿರುವಾಗ ಅಂಗಳದಲ್ಲಿ ಹೊಸ ಕಾರು ನಿಂತಿದೆಯೇ, ಬಂಧುವೊಬ್ಬರಿಗೆ ಕುರ್ಚಿ ಸಿಕ್ಕಿದೆಯೇ ಎಂಬುದನ್ನು. ಅದನ್ನು ಕಂಡ ಮೇಲೆ ಯಾವ ಕಾಯಕದ ಪ್ರವಚನವೂ ಅವರ ಎದೆಗಿಳಿಯದು.

ಮುಂದಿನ ಬಸವ ಜಯಂತಿಯೊಳಗೆ ಒಂದು ಮಠವಾದರೂ ಮುಂದೆ ಬರಲಿ. ತನ್ನ ಸಂಸ್ಥೆಯ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಸಂಬಳವನ್ನು ಫಲಕದ ಮೇಲೆ, ಭಕ್ತರು ಓದುವಂತೆ, ಅಕ್ಕಪಕ್ಕದಲ್ಲಿ ಬರೆಸಲಿ.